ಹತ್ತಿಯ ಹಲ್ಲು ಸರಿಯಾಗಿಯೇ ಇತ್ತು

ಒಂದೇ ಮೇಜಿನಲ್ಲಿ ಅಕ್ಕಪಕ್ಕ ಕೂತು ವರ್ಷಗಟ್ಟಲೆ ಕೆಲಸ ಮಾಡಿದ್ದ ಇಬ್ಬರು ಹೆಂಗಸರ ನಡುವೆ ಹಲ್ಲಿನ ಕಾರ್ಖಾನೆಯ ಯಜಮಾನ ಗೋಡೆ ಹಾಕಿಸಿದ. ಅದೇ ವಾರ, ಮಹಡಿಯ ಮೇಲಿನ ತನ್ನ ಮನೆಯಲ್ಲಿ ಮಗಳು ಸಾಕಿದ್ದ ಎರಡು ಗಿನಿಪಿಗ್‌ಗಳಲ್ಲಿ ಒಂದನ್ನು ತಂದ ಅಂಗಡಿಗೇ ವಾಪಸ್ ಕೊಟ್ಟು ಬಂದ.

ಕಾರ್ಖಾನೆ ಎಂದರೆ ಹೊಗೆ ಉಗುಳುವ ಚಿಮಣಿಯೇನೂ ಇಲ್ಲ. ಮನೆಯ ಕೆಳಗೆ ಒಂದು ಉದ್ದನೆಯ ಕೋಣೆ, ಹಿಂದೆ ಒಂದು ತಗಡಿನ ಶೆಡ್ಡು, ಅಷ್ಟೇ. ಹಲ್ಲು ಬಿದ್ದವರ ದವಡೆಯ ಅಚ್ಚುಗಳು ದಂತವೈದ್ಯರ ಕಡೆಯಿಂದ ಡಬ್ಬಿಗಳಲ್ಲಿ ಬರುತ್ತವೆ, ಹಲ್ಲಿನ ಸೆಟ್ಟುಗಳಾಗಿ ವಾಪಸ್ ಹೋಗುತ್ತವೆ. ಗುಲಾಬಿ ಮೇಣದಲ್ಲಿ ಒಸಡು ತಿದ್ದಿ ಒಂದೊಂದೇ ಹಲ್ಲು ನಿಲ್ಲಿಸುವವಳು ಮೇಣದಕ್ಕ. ಮೇಣದ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ಎರಕವಾದ ಮೇಲೆ ಅದನ್ನು ತಿರುಗುವ ಚಕ್ರಕ್ಕೆ ಒಡ್ಡಿ, ಉಜ್ಜುವ ಪುಡಿ ಹಾಕಿ, ಹೊಳಪು ಬರಿಸುವವಳು ಪಾಲಿಶಮ್ಮ. ಮೊದಲು ಅಚ್ಚು ಹೊಯ್ಯುವ ಪ್ಲಾಸ್ಟರಿನವನೊಬ್ಬನಿದ್ದ. ಯಜಮಾನನಿಗೆ ಎದುರು ಮಾತಾಡಿದ ಎಂದು ಅವನನ್ನು ಮಧ್ಯಾಹ್ನದ ಊಟಕ್ಕೂ ಬಿಡದೆ ಮನೆಗೆ ಕಳಿಸಿದ್ದಾಗಿತ್ತು. ಅವನ ಕೆಲಸವನ್ನೂ ಈಗ ಮೇಣದಕ್ಕನೇ ಮಾಡುತ್ತಾಳೆ. ಅವನ ಸಂಬಳ ಮಾತ್ರ ಅವಳ ಕಡೆಗೆ ದಾರಿ ತಪ್ಪಿಯೂ ಬರಲಿಲ್ಲ.

ಗೋಡೆಗೆ ಕಾರಣ ಮಾತು. ಇಬ್ಬರೂ ಮಾತಾಡುತ್ತಿದ್ದರು. ಅದರಲ್ಲಿ ಗುಟ್ಟೇನೂ ಇಲ್ಲ, ಬೀದಿಗೂ ಕೇಳಿಸುತ್ತಿತ್ತು. ಪೂರ್ತಿಯಾದ ಪ್ರತಿ ಸೆಟ್ಟನ್ನೂ ಡಬ್ಬಿಗೆ ಹಾಕುವ ಮುಂಚೆ ಅವರಲ್ಲೊಂದು ಪದ್ಧತಿಯಿತ್ತು: ಹಲ್ಲಿಗೆ ಮಾತು ಕೊಡುವುದು. ಒಬ್ಬಳು ಮೇಲಿನದ್ದನ್ನೂ ಕೆಳಗಿನದ್ದನ್ನೂ ಬೆರಳಲ್ಲಿ ಹಿಡಿದು ಟಕಟಕ ಆಡಿಸಬೇಕು, ಇನ್ನೊಬ್ಬಳು ಅದರ ಒಡೆಯ ಯಾರೆಂದು ಹೇಳಬೇಕು, ಅವನ ದನಿಯಲ್ಲೇ ಮಾತಾಡಬೇಕು.

"ಇದು ಯಾರದ್ದು ಹೇಳು?"

"ಬಾಡಿಗೆ ಮನೆ ಕೊಡೋನು ಕಣೇ. ಬಾಡಿಗೆಯೋರ ಮುಂದೆ ನಗೋಕೆ ಬರಲ್ಲ, ಕಚ್ಚೋಕೆ ಮಾತ್ರ ಬರ್ತದೆ, ನೋಡು ಕೋರೆ ಹೇಗಿದೆ! 'ನಲ್ಲಿ ಜಾಸ್ತಿ ಬಿಡಬೇಡಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬೇಡಿ, ಉಸಿರು ಬೇಕಾದ್ರೆ ಬಿಡಿ.'"

"ಥೂ, ನನ್ನ ಬಾಡಿಗೆ ಮನೆಯೋನೇ!" ಎಂದಳು ಮೇಣದಕ್ಕ.

ಹೀಗೆ ನಕ್ಕು ನಕ್ಕು ಸೆಟ್ಟಿನ ಮೇಲೆ ಉಗುಳು ಹಾರಿದ್ದೂ ಉಂಟು. ತೊಳೆದೇ ಕಳಿಸುತ್ತಿದ್ದರು, ಸುಳ್ಳು ಹೇಳಬಾರದು.

ಮೇಣದಕ್ಕ ಒಂಟಿ. ತಾಯಿ ಸತ್ತ ಮೇಲೆ ಬಾಡಿಗೆ ಕೋಣೆಯಲ್ಲಿ ಅವಳೊಡನೆ ಮಾತಾಡುವುದು ಸೋರುವ ನಲ್ಲಿಯೊಂದೇ. ಪಾಲಿಶಮ್ಮನದು ತದ್ವಿರುದ್ಧ. ಗಂಡ, ಅತ್ತೆ, ಮಾವ, ಮೈದುನಂದಿರು, ಮನೆ ತುಂಬ ಬಾಯಿ. ಅವಳ ಬಾಯಿ ಮಾತ್ರ ಊಟಕ್ಕೆ ಮೀಸಲು, ಅದೂ ಎಲ್ಲರದ್ದಾದ ಮೇಲೆ. ಒಬ್ಬಳಿಗೆ ಮಾತಾಡಲು ಜನವಿಲ್ಲ, ಇನ್ನೊಬ್ಬಳಿಗೆ ಕೇಳುವ ಜನವಿಲ್ಲ. ಆ ಒಂದು ಮೇಜು ಇಬ್ಬರಿಗೂ ಇತ್ತು.

"ಹಲ್ಲು ಮಾಡೋ ಕಡೆ ನಾಲಿಗೆಗೇನು ಕೆಲಸ?" ಎಂದ ಯಜಮಾನ. ಅಷ್ಟು ಚೆನ್ನಾಗಿ ಹೇಳಿಬಿಟ್ಟೆನಲ್ಲ ಎಂದು ಅವನಿಗೇ ಖುಷಿಯಾಗಿ, ಹೆಂಡತಿಗೂ ಹೋಗಿ ಹೇಳಿದ. ಮರುದಿನ ಬಡಗಿ ಬಂದ. ಕೋಣೆಯ ನಡುವೆ, ಮೇಜನ್ನೂ ಕೊಯ್ದು ಎರಡು ಮಾಡಿ, ನೆಲದಿಂದ ಸೂರಿನವರೆಗೆ ಪ್ಲೈವುಡ್ಡು ನಿಂತಿತು. ಸೆಟ್ಟುಗಳನ್ನು ಆ ಕಡೆಯಿಂದ ಈ ಕಡೆಗೆ ದಾಟಿಸಲು ಒಂದು ಕಿಂಡಿ ಬೇಡವೇ ಎಂದು ಬಡಗಿ ಕೇಳಿದ. ಯಜಮಾನ ಗಡ್ಡ ಕೆರೆದುಕೊಂಡು, "ಕೈ ತೂರುವಷ್ಟು ಇಡು, ಮುಖ ಕಾಣುವಷ್ಟು ಬೇಡ" ಎಂದ. ಊಟದ ಹೊತ್ತನ್ನೂ ಬೇರೆ ಬೇರೆ ಮಾಡಿದ. ಸಂಜೆ ಪಾಲಿಶಮ್ಮ ಬಸ್ಸಿಗೆ ಓಡಬೇಕು, ಹಿಡಿಯದಿದ್ದರೆ ಅತ್ತೆಯ ಬಾಯಿಗೆ ಬೀಳಬೇಕು. ಅಲ್ಲಿಗೆ ಅವರ ಸ್ನೇಹ ಕಿಂಡಿಯಲ್ಲಿ ಬಂದು ಹೋಗುವ ಒಂದು ಕೈಯಾಯಿತು, ತುದಿಬೆರಳಿಗೆ ಬಿಳಿ ಪುಡಿ ಮೆತ್ತಿದ ಕೈ.

ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಗೋಡೆ ಬಂದ ಮೇಲೆ ಕೆಲಸ ಜಾಸ್ತಿಯೇ ಆಯಿತು. ಸೆಟ್ಟುಗಳು ಬೇಗ ಬೇಗ ಮುಗಿದವು. ಯಜಮಾನ ಹೇಳಿದ್ದು ಸುಳ್ಳಾಗಲಿಲ್ಲ.

ಗಿನಿಪಿಗ್‌ಗಳ ವಿಷಯದಲ್ಲೂ ಅವನದು ಇದೇ ಶಾಸ್ತ್ರ. ಬಿಳಿಯದು ಹತ್ತಿ, ಕರಿಯದು ಮಸಿ, ಒಂದೇ ಸೂಲಿನ ಅಕ್ಕತಂಗಿಯರು. ಮಗಳು ಮುದ್ದಿಸಲು ಕೈ ಹಾಕಿದರೆ ಎರಡೂ ಗೂಡಿನ ಮೂಲೆಗೆ ಹೋಗಿ ಒಂದರ ಹಿಂದೆ ಒಂದು ಅಡಗುತ್ತಿದ್ದವು. "ಎರಡಿದ್ರೆ ತಮ್ಮತಮ್ಮಲ್ಲೇ ಮಾತಾಡ್ಕೊಂಡು ನಮ್ಮನ್ನ ಮರೀತಾವೆ ಪುಟ್ಟಿ. ಒಂದೇ ಇದ್ರೆ ನೋಡು, ಹೇಗೆ ನಿನ್ನ ಹತ್ರಾನೇ ಬರ್ತದೆ" ಎಂದು ಅಪ್ಪ ಬುದ್ಧಿ ಹೇಳಿದ. ಮಗಳು ಅತ್ತಳು. ಮಸಿ ಅಂಗಡಿಗೆ ಹೋಯಿತು.

ಹತ್ತಿ ಯಾರ ಹತ್ತಿರವೂ ಬರಲಿಲ್ಲ. ಹಗಲೆಲ್ಲ ಕಲ್ಲಿನ ಹಾಗೆ ಕೂತಿರುತ್ತಿತ್ತು. ರಾತ್ರಿಯಾಯಿತೆಂದರೆ ಶುರು.

ಬೆಳಿಗ್ಗೆ ಯಜಮಾನ ಕಣ್ಣು ಕೆಂಪಗೆ ಮಾಡಿಕೊಂಡು ಕೆಳಗಿಳಿದು, ಮೇಣದಕ್ಕನ ಮೇಜಿನ ಮುಂದೆ ದೊಪ್ಪನೆ ಕೂತ. "ನಿದ್ದೆ ಇಲ್ಲ ಕಣಮ್ಮ. ಕಂಬಿ ಕಚ್ಚಿಕೊಂಡು ಕಟ ಕಟ ಕಟ. ನೀರಿನ ಬಾಟ್ಲಿ ಬಡಿಯೋದು. ಆಮೇಲೆ ಸೀಟಿ ಊದ್ದಂಗೆ ವೀಕ್, ವೀಕ್ ಅಂತ ಒಂದೇ ಸಮ. ಎದ್ದು ಹೋಗಿ ನೋಡಿದ್ರೆ ಸುಮ್ನೆ ನನ್ನ ಮುಖ ನೋಡ್ತದೆ. ಬಂದು ಮಲಗಿದ್ರೆ ಮತ್ತೆ ವೀಕ್!"

"ಹಸಿವೇನೋ ಯಜಮಾನ್ರೇ?"

"ಸಂಜೆ ಒಂದು ಹಿಡಿ ಹುಲ್ಲು ಹಾಕಿರ್ತೀನಲ್ಲ! ಹಸಿವೂ ಅಲ್ಲ, ಗಿಸಿವೂ ಅಲ್ಲ. ಹಲ್ಲು."

"ಹಲ್ಲಾ?"

"ಮತ್ತಿನ್ನೇನು? ರಾತ್ರಿ ಹಲ್ಲು ಕಡಿಯೋದು ಅಂದ್ರೆ ಏನರ್ಥ? ಕಡಿತ ಸರಿ ಕೂತಿಲ್ಲ ಅಂತ, ಮೇಲಿಂದು ಕೆಳಗಿಂದಕ್ಕೆ ಹೊಂದ್ತಿಲ್ಲ ಅಂತ."

ಇದು ಆ ಮನೆಯವರೇ ಮಾಡಬಹುದಾದ ತಪ್ಪು. ಆ ಮನೆಯಲ್ಲಿ ಎಲ್ಲ ಕಷ್ಟಕ್ಕೂ ಮೂಲ ಹಲ್ಲು. ಮಗಳಿಗೆ ಲೆಕ್ಕ ತಲೆಗೆ ಹತ್ತದಿದ್ದರೆ ಹಾಲುಹಲ್ಲು ಸಡಿಲವಾಗಿದೆ. ಹೆಂಡತಿಗೆ ಸಿಟ್ಟು ಬಂದರೆ ಬುದ್ಧಿಹಲ್ಲು ಒತ್ತುತ್ತಿದೆ. ಹೋದ ಸಲ ನೀರಿನ ಪಂಪು ಕೆಟ್ಟಾಗ ಯಜಮಾನ ಮೊದಲು ನೋಡಿದ್ದು ಅದರ ಹಲ್ಲುಚಕ್ರ. ಅದು ಮಾತ್ರ ನಿಜವಾಗಿಯೂ ಸವೆದಿತ್ತಾದ್ದರಿಂದ ಅವನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಗೂಡು ಕೆಳಗೆ ಬಂತು. ಯಜಮಾನ ಹಣೆಗೆ ದೀಪ ಕಟ್ಟಿಕೊಂಡು, ಸಣ್ಣ ಕನ್ನಡಿಯ ಕಡ್ಡಿ ಹಿಡಿದು ಹತ್ತಿಯ ಬಾಯಿ ಬಿಡಿಸಿ ನೋಡಿದ. ಮುಂದೆ ಉದ್ದನೆಯ ಹಲ್ಲುಗಳಿದ್ದವು, ಗಿನಿಪಿಗ್‌ಗಳಿಗೆಲ್ಲ ಇರುವ ಹಾಗೆ. "ನೋಡ್ದಾ! ಎಷ್ಟುದ್ದ! ನಮ್ಮಲ್ಲಿ ಯಾರಿಗಾದ್ರೂ ಇಷ್ಟುದ್ದ ಹಲ್ಲಿಟ್ಟು ಕಳಿಸ್ತೀವಾ? ಮೇಣ ಬೆಚ್ಚಗೆ ಮಾಡು, ಕಡಿತದ ಅಚ್ಚು ತಗೋಳೋಣ."

ಮೇಣದಕ್ಕ ಗುಲಾಬಿ ಮೇಣವನ್ನು ದೀಪದ ಮೇಲೆ ಹಿಡಿದು ಮೆತ್ತಗೆ ಮಾಡಿ, ಬೆರಳಗಲದ ಪಟ್ಟಿ ಕತ್ತರಿಸಿ ಕೊಟ್ಟಳು. ಹತ್ತಿ ಮೈ ಬಿಗಿದು ಕಟಕಟ ಹಲ್ಲು ಕಡಿಯಿತು. "ಕೇಳಿಸ್ತಾ? ಇದೇ ಶಬ್ದ, ಇದೇ!" ಎಂದು ಯಜಮಾನ ಸಂಭ್ರಮದಿಂದ ಪಟ್ಟಿಯನ್ನು ಬಾಯಿಗೆ ಹಿಡಿದ. ಹತ್ತಿ ಪಟ್ಟಿಯನ್ನು ಬಿಟ್ಟು ಹೆಬ್ಬೆರಳನ್ನು ಆರಿಸಿಕೊಂಡಿತು.

ಯಜಮಾನ ಕಿರುಚಿದ ರಭಸಕ್ಕೆ ಗೋಡೆಯಾಚೆ ಚಕ್ರ ನಿಂತಿತು. ಕಿಂಡಿಯಲ್ಲಿ ಪಾಲಿಶಮ್ಮನ ದನಿ ಬಂತು: "ಏನಾಯ್ತೇ ಅಕ್ಕಾ?"

"ಅಚ್ಚು ತಗೊಂಡ್ವಿ ಕಣೇ," ಎಂದಳು ಮೇಣದಕ್ಕ. "ಚೆನ್ನಾಗಿ ಬಂದಿದೆ. ಯಜಮಾನ್ರ ಹೆಬ್ಬೆಟ್ಟಲ್ಲಿ."

ಗೋಡೆಯಾಚೆ ನಗು ಒಡೆಯಿತು, ನಗು ಕೆಮ್ಮಾಯಿತು. ಪಾಲಿಶಮ್ಮನ ನಗು ಈಚೆಗೆ ಯಾವಾಗಲೂ ಕೆಮ್ಮಿನಲ್ಲೇ ಮುಗಿಯುತ್ತಿತ್ತು.

"ಮಾತು!" ಎಂದು ಯಜಮಾನ ಹೆಬ್ಬೆರಳು ಚೀಪುತ್ತ ಗುಡುಗಿದ. ಚಕ್ರ ಮತ್ತೆ ತಿರುಗಿತು.

ಆ ಮಧ್ಯಾಹ್ನ ಹತ್ತಿಯನ್ನು ಹಣ್ಣಿನ ಬುಟ್ಟಿಯಲ್ಲಿಟ್ಟು ಪ್ರಾಣಿಗಳ ಆಸ್ಪತ್ರೆಗೆ ಒಯ್ದರು. ಯಜಮಾನನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತಾದ್ದರಿಂದ ಬುಟ್ಟಿ ಹಿಡಿಯಲು ಮೇಣದಕ್ಕನೂ ಹೊರಟಳು. ಅಲ್ಲಿ ಬೆಂಚಿನ ಮೇಲೆ ಒಂದು ಗಿಳಿ, ಎರಡು ಬೆಕ್ಕು, ತಮ್ಮ ಯಜಮಾನರನ್ನು ಕರೆತಂದು ಕೂತಿದ್ದವು. ಡಾಕ್ಟರಮ್ಮ ದಪ್ಪ ಕನ್ನಡಕದ, ತೋಳು ಮಡಿಸಿದ ಹೆಂಗಸು. ಹತ್ತಿಯನ್ನು ಎದೆಗವಚಿಕೊಂಡು, ಬಾಯಿ ನೋಡಿ, ಹೊಟ್ಟೆ ಮುಟ್ಟಿ, ಉಗುರು ನೋಡಿದರು.

"ಹಲ್ಲು ಸರಿಯಾಗೇ ಇದೆ ಸಾರ್."

"ಇಲ್ಲ ಡಾಕ್ಟ್ರೇ, ನನ್ನ ಕಸುಬೇ ಹಲ್ಲು. ಕಡಿತ ಎತ್ತರ ಆಗಿದೆ."

"ಇವಕ್ಕೆ ಹಲ್ಲು ಸಾಯೋವರೆಗೂ ಬೆಳೀತಾನೇ ಇರ್ತದೆ. ಹುಲ್ಲು ಅಗಿದಗಿದು ಸವೀಬೇಕು. ಎಷ್ಟು ಹುಲ್ಲು ಹಾಕ್ತೀರಿ?"

"ಸಂಜೆಗೊಂದು ಹಿಡಿ."

"ಒಂದು ಹಿಡಿ ಗುಬ್ಬಿ ಗೂಡಿಗೆ ಸಾಕು. ಒಣಹುಲ್ಲು ಹಗಲೂ ರಾತ್ರಿ ಮುಂದೆ ಬಿದ್ದಿರಬೇಕು. ಜೊತೆಗೆ ದಿನಾ ಹಸಿರು ಸೊಪ್ಪು. ರಾತ್ರಿ ನಿದ್ದೆ, ಹಗಲು ಕೆಲಸ ಅಂತ ನಮ್ಮ ಹಾಗೆ ಇವಕ್ಕಿಲ್ಲ. ಸ್ವಲ್ಪ ತೂಕಡಿಕೆ, ಸ್ವಲ್ಪ ಓಡಾಟ, ಸ್ವಲ್ಪ ಮೇವು, ಮತ್ತೆ ತೂಕಡಿಕೆ. ನೀವು ದೀಪ ಆರಿಸಿದ ತಕ್ಷಣ ಇವೂ ಆರಿಹೋಗಲಿ ಅಂದ್ರೆ ಆಗಲ್ಲ."

"ಆ ಸೀಟಿ ಊದೋದು?"

"ಕರೆಯೋದು. ಮೇವಿಗೂ ಕರೀತದೆ, ಜೊತೆಗೂ ಕರೀತದೆ. ಯಾರಾದ್ರೂ ಓ ಅಂತಾರಾ ಅಂತ."

"ನಾನು ಎದ್ದು ಹೋಗ್ತೀನಲ್ಲ!"

"ನೀವು ಗಿನಿಪಿಗ್ ಅಲ್ವಲ್ಲ ಸಾರ್." ಡಾಕ್ಟರಮ್ಮ ಹತ್ತಿಯ ಕಿವಿಯ ಹಿಂದೆ ಸವರಿದರು. "ಕಂಬಿ ಕಡಿಯೋದು ಬೇಜಾರಿಗೆ. ಹಲ್ಲು ಕಟಕಟ ಅನ್ನಿಸೋದು ಸಿಟ್ಟಿಗೆ. ದೂರ ಇರು ಅಂತ ಅರ್ಥ. ಬೆರಳಿಗೇನಾಯ್ತು?"

ಯಜಮಾನ ಬೆರಳನ್ನು ಹಿಂದೆ ಮಾಡಿಕೊಂಡ. "ಏನಿಲ್ಲ, ಕೆಲಸದಲ್ಲಿ."

"ಒಂದೇನಾ ಇರೋದು?"

"ಎರಡಿದ್ವು. ಒಂದನ್ನ ವಾಪಸ್ ಕೊಟ್ಟೆ," ಎಂದು ಯಜಮಾನ, ಹೊಗಳಿಕೆ ಕಾಯುವವನ ಹಾಗೆ ಹೇಳಿದ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ರೋಗ ಗೊತ್ತಾಯ್ತು."

ಯಜಮಾನ ವ್ಯವಹಾರಸ್ಥ. ದೊಡ್ಡ ಮದ್ದು ಬರೆಸಿಕೊಳ್ಳುವ ಮೊದಲು ಸಣ್ಣ ಮದ್ದು ಕೇಳಿ ನೋಡುವುದು ಅವನ ಸ್ವಭಾವ. ಗೂಡಲ್ಲಿ ಒಂದು ಕನ್ನಡಿ ಇಟ್ಟರೆ? ಡಾಕ್ಟರಮ್ಮ, "ನಿಮ್ಮ ಮನೆಯೋರನ್ನೆಲ್ಲ ಕಳಿಸಿಬಿಟ್ಟು ನಿಮಗೊಂದು ಕನ್ನಡಿ ಕೊಡ್ಲಾ?" ಎಂದರು. ರೇಡಿಯೊ ಹಾಕಿದರೆ? ಬಟ್ಟೆಯ ಬೊಂಬೆ? ಕೊನೆಗೆ ಯಜಮಾನನಿಗೆ ಒಂದು ಯೋಚನೆ ಬಂತು, ಅದು ಬರಲೇಬೇಕಿತ್ತು.

"ಇನ್ನೊಂದನ್ನ ತರ್ತೀನಿ. ಆದ್ರೆ ನಡುವೆ ಒಂದು ತಡಿಕೆ ಹಾಕಿಬಿಡ್ತೀನಿ. ಜೊತೆಗೆ ಜೊತೆಯೂ ಆಯ್ತು, ಗಲಾಟೆಯೂ ಇಲ್ಲ."

"ಮತ್ತೆ ಪರಿಚಯ ಆಗೋವರೆಗೆ ಒಂದೆರಡು ದಿನ ಬೇಕಾದ್ರೆ ಹಾಕಿ. ಖಾಯಂ ಹಾಕಿದ್ರೆ ಅದು ಜೊತೆ ಅಲ್ಲ ಸಾರ್, ಜೈಲು. ಇವು ಮಗ್ಗುಲಿಗೆ ಮಗ್ಗುಲು ತಾಗಿಸಿ ಕೂತು ಮೇಯಬೇಕು. ಇಡೀ ದಿನ ಗುಸುಗುಸು ಅಂತಿರಬೇಕು. ಆ ಗುಸುಗುಸು ನಿಂತ್ರೆ ತಿನ್ನೋದನ್ನೂ ಬಿಟ್ಟು ಸೊರಗಿ ಹೋಗೋದಿದೆ. ಕಣ್ಣಿಗೆ ಕಾಣೋ ಏಟು ಇಲ್ಲ ಅಷ್ಟೇ, ಕ್ರೌರ್ಯ ಕ್ರೌರ್ಯವೇ. ಗೂಡೂ ದೊಡ್ಡದು ಮಾಡಿಸಿ. ಧೂಳಿಲ್ಲದ ಕಡೆ ಇಡಿ, ಇವಕ್ಕೆ ಶ್ವಾಸಕೋಶ ಬಹಳ ಸೂಕ್ಷ್ಮ."

ಬುಟ್ಟಿ ಹಿಡಿದು ನಿಂತಿದ್ದ ಮೇಣದಕ್ಕ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು.

ವಾಪಸ್ ಬರುವಾಗ ಕಾರಿನಲ್ಲಿ ಯಜಮಾನ ಕಣ್ಣೊರೆಸಿಕೊಂಡ. ನಾಟಕವಲ್ಲ, ನಿಜವಾದ ಕಣ್ಣೀರು. "ಎಂಥಾ ಪಾಪ ಮಾಡಿಬಿಟ್ಟೆ ಕಣಮ್ಮ. ಬಾಯಿಲ್ಲದ ಜೀವ. ಪಕ್ಕದಲ್ಲಿದ್ದಿದ್ದನ್ನ ಕಿತ್ತು ಕಳಿಸಿಬಿಟ್ಟೆ. ಎಷ್ಟು ಕರೆದಿರ್ಬೇಕು!"

ಮೇಣದಕ್ಕನ ತೊಡೆಯ ಮೇಲೆ ಬುಟ್ಟಿ ಮಿಸುಕಾಡಿತು. ಇಂಥ ಹೊತ್ತು ಮತ್ತೆ ಬಾರದು, ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದುಕೊಂಡಳು.

"ಹಾಗಾದ್ರೆ ಯಜಮಾನ್ರೇ, ನಮ್ಮ ನಡುವೆ ಹಾಕಿರೋ ಗೋಡೆನೂ ತೆಗೆಸಿಬಿಡ್ತೀರಾ?"

ಯಜಮಾನ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿಯಿತ್ತು. ಒದ್ದೆ ಕಣ್ಣಲ್ಲೇ ನಕ್ಕ. "ಅಯ್ಯೋ ಹುಚ್ಚಿ! ನೀವೇನು ಗಿನಿಪಿಗ್‌ಗಳಾ?"

ಅಲ್ಲ. ಅದೇ ತೊಂದರೆಯಾಗಿದ್ದು. ಜೊತೆಗೊಂದು ಸಿಕ್ಕರೆ ಎಷ್ಟು ಕೆಲಸ ಜಾಸ್ತಿ ಮಾಡುತ್ತೀಯ ಎಂದು ಹತ್ತಿಯನ್ನು ಯಾರೂ ಕೇಳಲಿಲ್ಲ. ಒಂಟಿಯಾಗಿದ್ದಾಗ ಚೆನ್ನಾಗಿ ಕಂಬಿ ಕಡಿಯುತ್ತಿದ್ದೆಯಲ್ಲ ಎಂದು ಯಾರೂ ಲೆಕ್ಕ ತೋರಿಸಲಿಲ್ಲ. ಅದು ಕೂಗಿತು, ಯಜಮಾನನ ನಿದ್ದೆ ಕೆಟ್ಟಿತು, ಬುಟ್ಟಿ ಡಾಕ್ಟರ ಹತ್ತಿರ ಹೋಯಿತು. ಮನುಷ್ಯರು ಮಾತ್ರ ಹಗಲಲ್ಲಿ ದುಡಿದು ರಾತ್ರಿ ತಂತಮ್ಮ ಕೋಣೆಯಲ್ಲಿ ಸದ್ದಿಲ್ಲದೆ ಒಂಟಿಯಾಗುತ್ತಾರೆ. ಅದರಿಂದ ಯಾರ ನಿದ್ದೆ ಕೆಟ್ಟೀತು?

ಮಸಿ ಇನ್ನೂ ಅಂಗಡಿಯಲ್ಲೇ ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಒಂದೇ, ಬೆನ್ನು ತಿರುಗಿಸಿಕೊಂಡು. ಎರಡನ್ನೂ ಮತ್ತೆ ಸೇರಿಸಬೇಕಾದರೆ ಯಾವುದಕ್ಕೂ ಸ್ವಂತವಲ್ಲದ ಬಯಲು ಜಾಗ ಬೇಕು, ಇಲ್ಲವಾದರೆ ಜಾಗಕ್ಕಾಗಿ ಜಗಳವಾಡುತ್ತವೆ ಎಂದಿದ್ದರು ಡಾಕ್ಟರಮ್ಮ. ಹಾಗಾಗಿ ಮರುದಿನ ಗೋಡೆಯ ಆ ಬದಿ, ಪಾಲಿಶಮ್ಮನ ಕಡೆಯ ನೆಲವನ್ನು ಗುಡಿಸಿ, ಒರೆಸಿ, ಹಳೆಯ ಚಾದರ ಹಾಸಿದರು. ಅಲ್ಲಿ ಕಿಟಕಿಯಿತ್ತು, ಬೆಳಕಿತ್ತು. ಯಜಮಾನ, ಹೆಂಡತಿ, ಶಾಲೆಗೆ ಚಕ್ಕರ್ ಹೊಡೆದ ಮಗಳು, ಎಲ್ಲರೂ ಸುತ್ತ ಕುಕ್ಕರಗಾಲಲ್ಲಿ ಕೂತರು. ಸೌತೆಕಾಯಿಯ ಹೋಳು ಇಡಲು ಮೇಣದಕ್ಕನಿಗೂ ಕರೆ ಬಂತು.

ಅಲ್ಲಿಗೆ, ಗೋಡೆ ಬಂದ ಮೇಲೆ ಮೊದಲ ಸಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಸೊರಗಿದೀಯಲ್ಲೇ," ಎಂದಳು ಮೇಣದಕ್ಕ.

"ನಿನ್ನ ಕೂದಲೇನೇ ಹೀಗೆ ಬೆಳ್ಳಗಾಗಿದೆ? ನನ್ನ ಪುಡಿ ಗೋಡೆ ದಾಟಿ ಬಂತಾ?"

"ಶ್!" ಎಂದ ಯಜಮಾನ. "ಮಾತಾಡ್ಬೇಡಿ, ಬೆದರ್ತಾವೆ. ಅವು ಮಾತಾಡ್ಕೊಳ್ಳಲಿ."

ಹತ್ತಿ ಮಸಿಯನ್ನು ನೋಡಿತು. ಮಸಿ ಹತ್ತಿಯ ಸುತ್ತ ಒಂದು ಸುತ್ತು ಬಂತು. ಹೊಟ್ಟೆಯೊಳಗೆ ಸಣ್ಣ ಮೋಟಾರು ಇಟ್ಟಂತೆ ಗುರ್‌ರ್ ಎಂದು, ಸೊಂಟ ಬಳುಕಿಸುತ್ತ ನಡೆಯಿತು. ಹತ್ತಿ ಹಲ್ಲು ಕಟಕಟ ಅನ್ನಿಸಿತು. ಮಗಳು ಕೈ ಬಾಯಿಗಿಟ್ಟುಕೊಂಡಳು. ಒಂದು ಓಟ, ಒಂದು ತಪ್ಪಿಸಿಕೊಳ್ಳುವಿಕೆ, ಮೂಗಿಗೆ ಮೂಗು. ಆಮೇಲೆ ಏನಾಯಿತೋ ಅವಕ್ಕೇ ಗೊತ್ತು, ಎರಡೂ ಒಂದೇ ಹೋಳಿನ ಎರಡು ತುದಿ ಹಿಡಿದು ಕರಕರ ತಿನ್ನತೊಡಗಿದವು. ಪಕ್ಕೆಗೆ ಪಕ್ಕೆ ತಾಗಿತ್ತು. ಗುಜುಗುಜು ಎಂಬ ಸದ್ದು ಶುರುವಾಯಿತು, ದೂರದಲ್ಲಿ ಅನ್ನ ಕುದಿಯುವ ಹಾಗೆ.

"ಅಪ್ಪಾ, ಏನು ಹೇಳ್ತಿವೆ ಅವು?"

"ಎಷ್ಟು ದಿನ ಆಯ್ತಲ್ಲೇ ನಿನ್ನ ನೋಡಿ ಅಂತಿವೆ ಪುಟ್ಟಿ," ಎಂದ ಯಜಮಾನ. ಅವನ ದನಿ ಗದ್ಗದವಾಗಿತ್ತು. ಪಾಲಿಶಮ್ಮ ಮೇಣದಕ್ಕನ ಕಡೆ ನೋಡಿದಳು. ಮೇಣದಕ್ಕ ಸೂರಿನ ಕಡೆ ನೋಡಿದಳು. ನಗು ತಡೆಯಲು ಇಬ್ಬರೂ ಕೆನ್ನೆಯ ಒಳಗನ್ನು ಕಚ್ಚಿಕೊಂಡರು. ಆಮೇಲೆ ಮೇಣದಕ್ಕನಿಗೆ ನಗು ಬರಲಿಲ್ಲ.

"ಸರಿ, ನಿನ್ನ ಕಡೆ ಹೋಗಮ್ಮ," ಎಂದ ಯಜಮಾನ.

ಮುಂದಿನ ಬೆಳಿಗ್ಗೆ ಅವನು ಹಾಡು ಗುನುಗುತ್ತ ಇಳಿದು ಬಂದ. ಮನೆಯಲ್ಲಿ ರಾತ್ರಿ ಸದ್ದು ನಿಂತಿರಲಿಲ್ಲ. ಓಡಾಟ, ಹುಲ್ಲು ಎಳೆದಾಟ, ಗುಜುಗುಜು ಎಲ್ಲ ಇತ್ತು. ಸೀಟಿ ಮಾತ್ರ ಇರಲಿಲ್ಲ. "ಪಕ್ಕದ ಕೋಣೇಲಿ ನೆಂಟರು ಮಾತಾಡ್ತಾ ಮಲಗಿದ ಹಾಗೆ ಕಣಮ್ಮ. ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ! ಒಂದು ಮನೆ ಅಂದ್ಮೇಲೆ ಸ್ವಲ್ಪ ಮಾತಿನ ಸದ್ದು ಇರ್ಬೇಕು." ಬಂದ ಗಿರಾಕಿಗಳಿಗೆಲ್ಲ ಅವನು ಆ ವಾರ ಒಂಟಿತನದ ಬಗ್ಗೆ ಹೇಳಿದ. ಅಚ್ಚಿನ ಡಬ್ಬಿ ತರುವವನನ್ನು ನಿಲ್ಲಿಸಿಕೊಂಡು, ಜೀವಿ ಎಂದ ಮೇಲೆ ಜೊತೆ ಬೇಕು, ಅದನ್ನು ಕಿತ್ತುಕೊಳ್ಳುವವನು ಮನುಷ್ಯನೇ ಅಲ್ಲ ಎಂದು ಬೋಧಿಸಿದ. ಗೋಡೆಯ ಈ ಬದಿಯಲ್ಲಿ ಒಬ್ಬಳು, ಆ ಬದಿಯಲ್ಲಿ ಒಬ್ಬಳು ಅದನ್ನು ಕೇಳಿಸಿಕೊಂಡು ಹಲ್ಲು ಜೋಡಿಸಿದರು, ಹಲ್ಲು ಉಜ್ಜಿದರು.

ದೊಡ್ಡ ಗೂಡು ಬಂತು. ಬಡಗಿ ಮನಸ್ಸಿಟ್ಟು ಮಾಡಿದ್ದ: ಎರಡು ಅಡಗುಮನೆ, ಎರಡು ನೀರಿನ ಬಾಟಲಿ, ಹುಲ್ಲಿನ ತೊಟ್ಟಿ, ಓಡಾಡಲು ಅಂಗಳ. ಮಹಡಿಯ ಮೇಲೆ ಅದು ಹಿಡಿಸಲಿಲ್ಲ. "ಗೂಡು ಒಳಗೆ, ಮಂಚ ಆಚೆಗಾ? ಮಲಗೋದು ನಾನಾ, ಅವಾ?" ಎಂದು ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. ಬುದ್ಧಿಹಲ್ಲು ಒತ್ತಿರಬೇಕು. ಯಜಮಾನ ಮನೆಯೆಲ್ಲ ಸುತ್ತಿ, ಬೆಳಕು ಗಾಳಿ ನೋಡಿ, ಗೂಡಿಗೆ ತಕ್ಕ ಜಾಗ ಒಂದೇ ಎಂದು ತೀರ್ಮಾನಿಸಿದ: ಪಾಲಿಶಮ್ಮನ ಕಿಟಕಿ.

ಆದರೆ ಅಲ್ಲಿ ಧೂಳು.

ಧೂಳು ಅಲ್ಲಿ ಮೊದಲಿಂದಲೂ ಇತ್ತು. ಚಕ್ರ ತಿರುಗಿದರೆ ಸೆಟ್ಟಿನಿಂದ ಏಳುವ ಬಿಳಿ ಪುಡಿ ಪಾಲಿಶಮ್ಮನ ಹುಬ್ಬಿನ ಮೇಲೆ, ತುಟಿಯ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ ಕೂರುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು. ಕೆಮ್ಮು ಬಂದರೆ, "ಬಿಸಿನೀರು ಕುಡಿಯಮ್ಮ" ಎಂದು ಯಜಮಾನ ಕಾಳಜಿಯಿಂದಲೇ ಹೇಳುತ್ತಿದ್ದ. ಈಗ ಮೊದಲ ಸಲ ಅವನಿಗೆ ಆ ಧೂಳು ಕಣ್ಣಿಗೆ ಬಿತ್ತು. ಕಿಟಕಿಯ ಬೆಳಕಿಗೆ ಅಡ್ಡ ನಿಂತು, ಅದು ಹೊಗೆಯಂತೆ ಏಳುವುದನ್ನು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ಅಬ್ಬಬ್ಬಾ, ಇದರಲ್ಲಿ ಜೀವ ಉಳಿಯೋದುಂಟೇ!" ಎಂದ.

ಸೀದಾ ಗೋಡೆಯ ಈ ಬದಿಗೆ, ಮೇಣದಕ್ಕನ ಹತ್ತಿರ ಬಂದ.

"ನೋಡಮ್ಮ, ಪಾಲಿಶ್ ಮಿಷನ್ನನ್ನ ಇವತ್ತೇ ಹಿಂದಿನ ಶೆಡ್ಡಿಗೆ ಹಾಕ್ಬೇಕು."

ಮೇಣದಕ್ಕ ಕೈಯಲ್ಲಿದ್ದ ಹಲ್ಲನ್ನು ಕೆಳಗಿಟ್ಟಳು. "ಶೆಡ್ಡಲ್ಲಿ ಕಿಟಕಿ ಇಲ್ಲ ಯಜಮಾನ್ರೇ. ಪ್ಲಾಸ್ಟರ್ ಮೂಟೆ ಇದಾವೆ."

"ಅದಕ್ಕೇ. ಧೂಳು ಆಚೆ ಬರಲ್ಲ."

"ಅವಳು?"

"ಅವಳೂ ಅಲ್ಲೇ. ಮಿಷನ್ನು ಒಂದು ಕಡೆ, ಅವಳು ಒಂದು ಕಡೆ ಇದ್ರೆ ಪಾಲಿಶ್ ಆಗ್ತದಾ?" ಯಜಮಾನ ಸ್ಟೂಲು ಎಳೆದುಕೊಂಡು, ಮನೆಯವಳೊಡನೆ ಮಾತಾಡುವ ಹಾಗೆ ದನಿ ತಗ್ಗಿಸಿದ. "ನೀನೇ ಹೋಗಿ ಹೇಳು. ನಾನು ಹೇಳಿದ್ರೆ ಅತ್ತು ಕರೆದು ಮಾಡ್ತಾಳೆ. ನಿನ್ನ ಮಾತು ಕೇಳ್ತಾಳೆ ಅವಳು. ಸಾವಕಾಶ ಕೂತ್ಕೊಂಡು ಮಾತಾಡು, ಪರವಾಗಿಲ್ಲ."

ಇಷ್ಟು ದಿನಗಳ ಮೇಲೆ ಮಾತಾಡಲು ಅಪ್ಪಣೆ ಸಿಕ್ಕಿತು.

ಮೇಣದಕ್ಕ ದೀಪ ಆರಿಸಿದಳು. ಎದ್ದು ಹೊರಬಾಗಿಲಿಂದ ಸುತ್ತಿಕೊಂಡು ಆ ಬದಿಗೆ ಹೋದಳು. ಯಜಮಾನ ಸಮಾಧಾನದಿಂದ ಹಿಂದೆಯೇ ಬಂದ. ಚಕ್ರ ತಿರುಗುತ್ತಿತ್ತು. ಪಾಲಿಶಮ್ಮ ತಲೆಯೆತ್ತಿ, ಮೂಗಿನ ಸೆರಗು ಇಳಿಸಿ, "ಏನೇ ಅಕ್ಕಾ, ಗೋಡೆ ಬಿತ್ತಾ?" ಎಂದಳು.

ಮೇಣದಕ್ಕ ಮಿಷನ್ನಿನ ಪಕ್ಕದಲ್ಲಿದ್ದ ಖಾಲಿ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತಳು.

"ಹೇಳು," ಎಂದ ಯಜಮಾನ ಹಿಂದಿನಿಂದ.

"ನಾನು ಹೇಳಲ್ಲ."

"ಸರಿ ಹೋಗ್ಲಿ, ನಾನೇ ಹೇಳ್ತೀನಿ. ನೀನು ಇನ್ನೊಂದು ತುದಿ ಹಿಡ್ಕೋ, ಮಿಷನ್ನು ಎತ್ತೋಣ."

"ಹಿಡಿಯಲ್ಲ."

ಪಾಲಿಶಮ್ಮ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು. ಚಕ್ರದ ಗುಂಡಿ ಅದುಮಿದಳು. ಚಕ್ರ ನಿಧಾನವಾಗಿ ತಿರುಗಿ ತಿರುಗಿ ನಿಂತಿತು. ಧೂಳು ಇನ್ನೂ ಬೆಳಕಿನಲ್ಲಿ ತೇಲುತ್ತಿತ್ತು.

"ಏನಮ್ಮ ಇದು? ಬಾಯಿಲ್ಲದ ಎರಡು ಜೀವಕ್ಕೋಸ್ಕರ ಇಷ್ಟು ಮಾಡೋಕಾಗಲ್ವಾ ನಿನಗೆ? ಕರುಣೆ ಅನ್ನೋದು ಇಲ್ವಾ?"

ಮೇಣದಕ್ಕ ಕೂತಿದ್ದ ಡಬ್ಬವನ್ನು ಪಾಲಿಶಮ್ಮನ ಹತ್ತಿರಕ್ಕೆ ಸರಿಸಿಕೊಂಡಳು.

"ಪ್ಲಾಸ್ಟರಿನೋನಿಗೆ ಏನಾಯ್ತು ಗೊತ್ತಲ್ಲ?"

"ಗೊತ್ತು. ಅವನ ಕೆಲಸ ಮಾಡ್ತಿರೋಳು ನಾನೇ."

ಯಜಮಾನನ ಮುಖ ಒಸಡಿನ ಬಣ್ಣಕ್ಕೆ ತಿರುಗಿತು. ಬೆರಳಿಂದ ಗೋಡೆಯ ಆ ಬದಿಯನ್ನು ತೋರಿಸಿದ. "ಎದ್ದು ನಿನ್ನ ಜಾಗಕ್ಕೆ ಹೋಗು."

ಮೇಣದಕ್ಕ ಕೈ ಚಾಚಿ, ಪಾಲಿಶಮ್ಮನ ಹುಬ್ಬಿನ ಮೇಲಿನ ಪುಡಿಯನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು.

"ಹೋಗಲ್ಲ," ಎಂದಳು.